ಸುಮ್ಮನಿದ್ದ ರಂಜಕದ ಭರಣಿ

ಹೊಲದ ಮೆಣಸಿನಕಾಯಿಯೆಲ್ಲ ಒಟ್ಟಿಗೇ ಹಣ್ಣಾಗಿಬಿಟ್ಟರೆ ಎಷ್ಟು ಚೆಂದ ಅಂತ ಬ್ಯಾಡಗಿ ಸೀಮೆಯ ಮಂದಿ ಎಷ್ಟು ತಲೆಮಾರಿನಿಂದ ಅಂದುಕೊಂಡು ಬಂದಿದ್ದರೋ ಏನೋ. ಗಿಡದ ಸ್ವಭಾವ ಗೊತ್ತಲ್ಲ. ಕೆಳಗಿನ ಕಾಯಿ ಕೆಂಪಾಗಿ ಸುಕ್ಕುಗಟ್ಟುವ ಹೊತ್ತಿಗೆ ನಡುವಿನದು ಇನ್ನೂ ಹಸಿರು, ತುದಿಯಲ್ಲಿ ಹೂವು. ಮದುವೆ ಊಟಕ್ಕೆ ಬರುವ ಬೀಗರ ಹಾಗೆ ಒಬ್ಬೊಬ್ಬರೇ ತಮ್ಮ ಅನುಕೂಲ ನೋಡಿಕೊಂಡು ಬರುವುದು. ಕೈಯಿಂದ ಬಿಡಿಸುವ ಕಾಲದಲ್ಲಿ ಅದೇನೂ ತೊಂದರೆಯಾಗಿರಲಿಲ್ಲ, ಮೂರು ನಾಲ್ಕು ಸಲ ಹೊಲ ಸುತ್ತಿದರೆ ಆಗುತ್ತಿತ್ತು. ಆದರೆ ಇದು ಮುಂದಿನ ಕಾಲದ ಮಾತು. ಆ ಹೊತ್ತಿಗೆ ಬಿಡಿಸುವ ಕೈಗಳೆಲ್ಲ ಬೇರೆ ಬೇರೆ ಕೆಲಸ ಹಿಡಿದಿದ್ದವು, ಹೊಲಕ್ಕೆ ಯಂತ್ರ ಬಂದಿತ್ತು. ಯಂತ್ರಕ್ಕೆ ಗೊತ್ತಿರುವುದು ಒಂದೇ ಸಲ ಹೋಗುವುದು, ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು ಬರುವುದು. ಕೆಂಪಿನ ಜೊತೆ ಹಸಿರು, ಹಸಿರಿನ ಜೊತೆ ಹೂವು, ಎಲ್ಲ ಒಂದೇ ಚೀಲಕ್ಕೆ.

ಈ ಕಿರಿಕಿರಿಗೆ ಮದ್ದು ಕಂಡುಹಿಡಿದವಳು ಹೊಸಗುಡ್ಡದ ಬೆಳೆಗಾರರ ಸಂಘದ ಪ್ರಯೋಗಾಲಯದಲ್ಲಿದ್ದ ಸರ್ವಮಂಗಳಾ. ಮದ್ದೆಂದರೆ ಇಷ್ಟೇ. ಕಣ್ಣಿಗೆ ಕಾಣದಷ್ಟು ಸಣ್ಣ ಕಾಳುಗಳನ್ನು ನೀರಿನಲ್ಲಿ ಕಲಸಿ ಗಿಡಕ್ಕೆ ಮಂಜಿನ ಹಾಗೆ ಸಿಂಪಡಿಸುವುದು. ಕಾಳುಗಳು ಎಲೆಯ ಮೇಲೆ, ಕಾಯಿಯ ತೊಟ್ಟಿನ ಮೇಲೆ ಸುಮ್ಮನೆ ಕೂತಿರುತ್ತವೆ. ಹೊಲದ ನಡುನಡುವೆ ಕಂಬ, ಕಂಬಕ್ಕೊಂದು ದೀಪ. ನಿಯಂತ್ರಣ ಕೋಣೆಯಲ್ಲಿ ಕೂತು ಗುಂಡಿ ಒತ್ತಿದರೆ ಆ ದೀಪಗಳಿಂದ ಒಂದು ನೇರಳೆ ಬೆಳಕು ಬೀಳುತ್ತದೆ, ಕಾಳುಗಳು ಬಾಯಿ ಬಿಡುತ್ತವೆ, ಒಳಗಿನಿಂದ ಹಣ್ಣು ಮಾಡುವ ಗಾಳಿ ಹೊರಬರುತ್ತದೆ. ಇಡೀ ಹೊಲಕ್ಕೆ ಒಂದೇ ಗಳಿಗೆಯಲ್ಲಿ ‘ಇನ್ನು ಹಣ್ಣಾಗಿ’ ಎಂಬ ಸುದ್ದಿ ಮುಟ್ಟುತ್ತದೆ. ಕಾಗದಪತ್ರದಲ್ಲಿ ಅದಕ್ಕೆ ‘ಸಮಪಾಕ’ ಎಂದು ಹೆಸರು. ಊರವರು ಅಷ್ಟೆಲ್ಲ ಯಾಕೆ ಅಂತ ‘ಗಂಟಿ’ ಅಂದರು. ಗಂಟೆ ಹೊಡೆದರೆ ಸಾಲಿಯ ಮಕ್ಕಳೆಲ್ಲ ಒಟ್ಟಿಗೆ ಹೊರಗೆ ಬರುವುದಿಲ್ಲವೇ, ಹಾಗೆ.

ಆ ವರ್ಷ ಮೊದಲ ಸಲ ಊರಿನ ಹೆಚ್ಚುಕಡಿಮೆ ಎಲ್ಲ ಹೊಲಕ್ಕೂ ಗಂಟಿ ಹೊಡೆದರು. ಸಂಘದ ಗೋದಾಮಿನ ಮೇಲಿನ ನಿಯಂತ್ರಣ ಕೋಣೆಯಲ್ಲಿ ಗೋಡೆ ತುಂಬ ಹೊಲಗಳ ನಕ್ಷೆ. ಹಸಿರಿದ್ದ ನಕ್ಷೆ ದಿನ ಕಳೆದ ಹಾಗೆ ಹಳದಿಗೆ ತಿರುಗಿ, ಕಿತ್ತಳೆಯಾಗಿ, ಕೊನೆಗೆ ಹಚ್ಚಿದ ಕುಂಕುಮದ ಹಾಗೆ ಕೆಂಪಾಯಿತು. ಸಂಘದ ಅಧ್ಯಕ್ಷರಾದ ಫಕ್ಕೀರಗೌಡರು ದಿನಾ ಬೆಳಗ್ಗೆ ಚಹಾದ ಲೋಟ ಹಿಡಿದು ಬಂದು ನಕ್ಷೆಯ ಮುಂದೆ ನಿಂತು, ಸೊಸೆ ಬಾಣಂತನ ಮುಗಿಸಿ ಬಂದಷ್ಟು ಸಂತೋಷದಿಂದ ನೋಡುತ್ತಿದ್ದರು. ಎಲೆ ಕೂಡ ಹಣ್ಣಾಗಿ ಉದುರಿ, ಹೊಲದಲ್ಲಿ ಬರೀ ಕಡ್ಡಿ, ಕಡ್ಡಿಗೆ ಕೆಂಪು ಕಾಯಿ. ಸರ್ವಮಂಗಳೆಯ ಗಂಡ ಚಿದಾನಂದ ಬಿಡಿಸುವ ಯಂತ್ರ ಓಡಿಸುವವನು. ಆ ಯಂತ್ರಕ್ಕೆ ಊರಲ್ಲಿ ‘ಆನಿ’ ಎಂದೇ ಹೆಸರು. ಎಲೆಯಿಲ್ಲದ ಹೊಲದಲ್ಲಿ ಆನಿ ಒಂದು ಸಲವೂ ಕೆಮ್ಮದೆ, ಗಂಟಲಿಗೆ ಏನೂ ಸಿಕ್ಕಿಸಿಕೊಳ್ಳದೆ ಓಡಿತು. ಇಂಥ ಸುಖ ಜನ್ಮದಲ್ಲಿ ಕಂಡಿಲ್ಲ ಅಂತ ಅವನು ಹೆಂಡತಿಯನ್ನು ಊರ ಮುಂದೆಯೇ ಹೊಗಳಿದ. ಅವಳಿಗೆ ನಾಚಿಕೆಯೂ ಆಯಿತು, ಹಿಗ್ಗೂ ಆಯಿತು.

ಕಾಯಿ ಪರೀಕ್ಷೆ ಮಾಡಿದ್ದೂ ಊರ ಪದ್ಧತಿಯಲ್ಲೇ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ, ಹೆಸರು ನಿಂತಿರುವುದೇ ಬಣ್ಣದ ಮೇಲೆ. ಇಲ್ಲಿನವರು ಕಾಯಿ ಕೈಗೆ ಬಂದರೆ ಬಾಯಿಗೆ ಹಾಕುವುದಿಲ್ಲ, ಅಂಗೈಯಲ್ಲಿ ತಿಕ್ಕಿ, ಕೈ ತಿರುಗಿಸಿ ಬಿಸಿಲಿಗೆ ಹಿಡಿದು ನೋಡುತ್ತಾರೆ. ಪ್ರಯೋಗಾಲಯದ ಯಂತ್ರಕ್ಕೂ ಅದೇ ಚಾಳಿ ಕಲಿಸಿದ್ದರು. ಬಣ್ಣ ಎಷ್ಟು, ತೇವ ಎಷ್ಟು, ಖಾರ ಎಷ್ಟು, ಇಷ್ಟೇ ಅದು ಹೇಳುತ್ತಿದ್ದದ್ದು. ಬಣ್ಣ ಯಾವ ವರ್ಷವೂ ಇಷ್ಟು ಬಂದಿರಲಿಲ್ಲ. ಇನ್ನೇನು ಬೇಕು?

ಬಿಡಿಸಿದ ಮೊದಲ ಹಸಿಗೆಂಪು ಕಾಯಿಯನ್ನು ರಂಜಕಕ್ಕೆಂದು, ಕುಟ್ಟಿ ಹುಳಿ ಬರಿಸುವ ಕೆಂಪು ಚಟ್ನಿಗೆಂದು, ಮನೆಮನೆಗೆ ಒಂದೊಂದು ಬುಟ್ಟಿ ಹಂಚುವುದು ಅಲ್ಲಿನ ರೂಢಿ. ಸರ್ವಮಂಗಳಾ ತನ್ನ ಪಾಲಿನ ಬುಟ್ಟಿಯನ್ನು ತಾನೇ ಹೊತ್ತು ತಂದು ಅತ್ತೆ ಬಸಲಿಂಗವ್ವನ ಮುಂದೆ ಇಳಿಸಿದಳು. ಬಸಲಿಂಗವ್ವ ಕಾಯಿಗಳ ಮೇಲೆ ಕೈಯಾಡಿಸಿ, ಇಷ್ಟು ಚೆಂದದ ಕಾಯಿ ನನ್ನ ಮದುವೆಯ ವರ್ಷವೂ ಬಂದಿರಲಿಲ್ಲ ಅಂದಳು. ಮಗಳು ಶಾಂಭವಿಗೆ ಚೊಚ್ಚಲ ಬಸಿರು. ಮುಂದಿನ ತಿಂಗಳು ಕುಬಸ, ಸೀಮಂತದ ಸಂಭ್ರಮ. ಅವಳು ಗಂಡನ ಮನೆಯಿಂದ ದಿನಾ ಫೋನ್ ಮಾಡಿ ಕೇಳುತ್ತಿದ್ದದ್ದು ಸೀರೆಯಲ್ಲ, ಬಳೆಯಲ್ಲ, ಅವ್ವನ ಕೈಯ ರಂಜಕ.

ಬಸಲಿಂಗವ್ವನ ರಂಜಕ ಅಂದರೆ ಓಣಿಯಲ್ಲಿ ಒಂದು ಮಾತಿತ್ತು. ಕಾಯಿ ತೊಳೆದು, ಬಟ್ಟೆಯ ಮೇಲೆ ಹರವಿ ನೀರಾರಿಸಿ, ತೊಟ್ಟು ಮುರಿದು, ಉಪ್ಪು ಹಾಕಿ ಒರಳಲ್ಲಿ ಕುಟ್ಟಿ, ಭರಣಿಗೆ ತುಂಬಿ ಬಾಯಿಗೆ ಬಿಳಿ ಬಟ್ಟೆ ಕಟ್ಟುವಳು. ಮೂರನೆಯ ದಿನಕ್ಕೆ ಭರಣಿ ಮಾತಾಡಬೇಕು. ಒಳಗೆ ಗುಳುಗುಳು ಸದ್ದು, ಬಟ್ಟೆ ಉಬ್ಬಿ ನಿಲ್ಲುವುದು, ಮೂಗಿಗೆ ಹುಳಿಹುಳಿ ವಾಸನೆ. ಹಾಗೆ ಉಕ್ಕಿ ಬಂದ ಮೇಲೇ ನಿಂಬೆರಸ, ಮೆಂತ್ಯದ ಪುಡಿ, ಇಂಗಿನ ಒಗ್ಗರಣೆ. ಬೆಲ್ಲ ಹಾಕಿ ಉಕ್ಕಿಸುವವರೂ ಇದ್ದರು. ಬಸಲಿಂಗವ್ವನಿಗೆ ಅಂಥವರ ಮೇಲೆ ಸಿಟ್ಟಿಲ್ಲ, ಕನಿಕರ ಅಷ್ಟೇ.

ಈ ಸಲ ಮೂರನೆಯ ದಿನ ಭರಣಿ ಸುಮ್ಮನಿತ್ತು. ನಾಲ್ಕನೆಯ ದಿನವೂ ಸುಮ್ಮನಿತ್ತು. ಥಂಡಿ ಜಾಸ್ತಿ ಅಂತ ಅವಳು ಭರಣಿಗೆ ತನ್ನ ಕೌದಿ ಹೊದಿಸಿ ಒಲೆಯ ಮಗ್ಗುಲಿಗಿಟ್ಟಳು. ವಾರ ಕಳೆಯಿತು. ಬಟ್ಟೆ ಬಿಚ್ಚಿದರೆ ಮೇಲೆ ಬಿಳಿ ಬೂಸಲು. ಉಪ್ಪು ಹೆಚ್ಚುಕಡಿಮೆ ಆಗಿರಬೇಕು ಅಂತ ಅದನ್ನು ಚೆಲ್ಲಿ, ಉಳಿದ ಕಾಯಲ್ಲಿ ಇನ್ನೊಂದು ಸಲ ಮಾಡಿದಳು. ಅದೂ ಹಾಗೇ ಆಯಿತು. ಬಣ್ಣ ಮಾತ್ರ ಕಣ್ಣು ಕೋರೈಸುವ ಹಾಗಿತ್ತು. ಚಿದಾನಂದ ರೊಟ್ಟಿಗೆ ಹಚ್ಚಿಕೊಂಡು ತಿಂದು, ಚಲೋ ಐತಿ ಬಿಡವ್ವಾ ಅಂದ. ಅವನು ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ, ತಾಯಿಗೆ ಅಷ್ಟೇ ಸಾಕಾಯಿತು.

ಬಸಲಿಂಗವ್ವ ಅಳಲಿಲ್ಲ, ಬಯ್ಯಲಿಲ್ಲ. ರಂಜಕವನ್ನು ಚೆಲ್ಲಲೆಂದು ಬೇರೆ ಪಾತ್ರೆಗೆ ಸುರಿದು, ಭರಣಿ ತೊಳೆದು ಬೋರಲು ಹಾಕಿದಳು. ಮಗಳಿಗೆ ಫೋನ್ ಮಾಡಿ, ಈ ವರ್ಷ ರಂಜಕ ಅಂಗಡಿಯಿಂದ ತರಿಸಿಕೋ ಅಂದಳು. ಅವತ್ತಿನಿಂದ ಸಾರಿಗೆ ಉಪ್ಪು ಹಾಕುವಾಗಲೂ ಸೊಸೆಯನ್ನು ಕರೆದು, ನೀನೇ ಹಾಕು ಅನ್ನತೊಡಗಿದಳು. ನಲವತ್ತು ವರ್ಷ ಅಡಿಗೆಮನೆ ಆಳಿದವಳು ಉಪ್ಪಿನ ಡಬ್ಬಿಯ ಮುಂದೆ ಅನುಮಾನಿಸಿ ನಿಂತದ್ದನ್ನು ಸರ್ವಮಂಗಳೆಗೆ ನೋಡಲಾಗಲಿಲ್ಲ. ಅತ್ತೆಯ ಮೇಲೆ ಅವಳಿಗೆ ಬಹಳ ಪ್ರೀತಿ. ಮದುವೆಯಾದ ಮೇಲೂ ಸೊಸೆಯನ್ನು ಓದಿಸಿ, ಫೀಸಿಗಿಂತ ಮೊದಲು ಬುತ್ತಿ ಕಟ್ಟಿ ಕಳಿಸಿದ ಹೆಂಗಸು ಅದು.

ಮರುದಿನ ಸರ್ವಮಂಗಳಾ, ಅತ್ತೆ ಚೆಲ್ಲಲು ಇಟ್ಟಿದ್ದ ರಂಜಕವನ್ನು ಒಂದು ಡಬ್ಬಿಯಲ್ಲಿ ಹಾಕಿಕೊಂಡು ಪ್ರಯೋಗಾಲಯಕ್ಕೆ ಹೋದಳು. ಉಪ್ಪು ನೋಡಿದಳು, ಅದು ಸರಿಯಾಗಿತ್ತು, ಅತ್ತೆಯ ಕೈ ತಕ್ಕಡಿಯ ಹಾಗಿತ್ತು. ಹಾಗಾದರೆ ಹುಳಿ ಯಾಕೆ ಬರಲಿಲ್ಲ? ಹುಳಿ ಬರಿಸುವ ಸೂಕ್ಷ್ಮಜೀವಿಗಳಿಗೆ ತಿನ್ನಲು ಏನಾದರೂ ಬೇಕಲ್ಲ. ಅವಕ್ಕೆ ಬೇಕಾದದ್ದು ಸಕ್ಕರೆ. ಅದೇ ಯಂತ್ರಕ್ಕೆ ಸಕ್ಕರೆ ಅಳೆಯಲೂ ಬರುತ್ತಿತ್ತು, ಇಷ್ಟು ದಿನ ಯಾರೂ ಕೇಳಿರಲಿಲ್ಲ ಅಷ್ಟೇ. ಮೆಣಸಿನಕಾಯಿಯಲ್ಲಿ ಸಕ್ಕರೆ ಹುಡುಕುವ ಹುಚ್ಚರು ಬ್ಯಾಡಗಿಯಲ್ಲಿ ಯಾರಿದ್ದಾರೆ? ಅವಳು ಕೇಳಿದಳು. ಹೋದ ವರ್ಷ ತಂಪಿನಲ್ಲಿ ಕಾಪಿಟ್ಟಿದ್ದ ಕಾಯಿ ಒಂದು ಬಟ್ಟಲಲ್ಲಿ, ಈ ವರ್ಷದ ಕಾಯಿ ಇನ್ನೊಂದರಲ್ಲಿ. ಈ ವರ್ಷದ್ದರಲ್ಲಿ ಸಕ್ಕರೆ ಅರ್ಧಕ್ಕರ್ಧವೂ ಇರಲಿಲ್ಲ.

ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು. ಯೋಚಿಸಿದರೆ ಎಲ್ಲ ಎಷ್ಟು ನೇರ. ಕಾಯಿ ತನ್ನ ಬಣ್ಣವನ್ನು ತಾನೇ ಮಾಡಿಕೊಳ್ಳುತ್ತದೆ. ಸಿಹಿ ಮಾತ್ರ ಎಲೆಯಿಂದ ಇಳಿದು ಬರಬೇಕು, ಅದೂ ಹಣ್ಣಾಗುವ ಕೊನೆಯ ದಿನಗಳಲ್ಲಿ. ಗಂಟಿ ಹೊಡೆದ ಕೂಡಲೇ ಕಾಯಿಗೂ ಎಲೆಗೂ ಒಂದೇ ಸುದ್ದಿ ಮುಟ್ಟುತ್ತಿತ್ತು. ಎಲೆ ಉದುರಿಹೋಗುತ್ತಿತ್ತು, ಕಾಯಿ ಬರೀ ಹೊಟ್ಟೆಯಲ್ಲಿ ಕೆಂಪಾಗುತ್ತಿತ್ತು. ಉಣ್ಣದೆ ಸಿಂಗಾರವಾಗಿ ಕೂತ ಮದುಮಗಳ ಹಾಗೆ. ಹೊರಗಿನಿಂದ ನೋಡಿದವರು ಆಹಾ ಎಂದಿದ್ದರು, ಅವಳೂ ಅಂದಿದ್ದಳು.

ಮನೆಗೆ ಓಡಿದ ಹಾಗೇ ಬಂದು ಅತ್ತೆಯ ಮುಂದೆ ಕೂತಳು. “ಅತ್ತೀ, ನಿಮ್ಮ ಕೈ ನೆಟ್ಟಗ ಐತ್ರಿ. ಕೆಟ್ಟಿದ್ದು ಕಾಯಿ. ನನ್ನ ಗಂಟಿಯಿಂದ ಕೆಟ್ಟೇತಿ.” ಎಲೆ, ಸಕ್ಕರೆ, ಹುಳಿ ಎಲ್ಲವನ್ನೂ ಬಿಡಿಸಿ ಹೇಳಿದಳು.

ಬಸಲಿಂಗವ್ವ ತಾಳ್ಮೆಯಿಂದ ಕೇಳಿ, ಸೊಸೆಯ ಗದ್ದ ಹಿಡಿದು ನಕ್ಕಳು. “ನೀ ಒಳ್ಳೇಕಿ ಬಿಡು ಮಂಗಳಾ. ಮುದುಕಿ ಮನಸ್ಸಿಗೆ ನೋವಾಗಬಾರದಂತ ನಿನ್ನ ವಿದ್ಯಾದ ಮ್ಯಾಲೆ ತಪ್ಪು ಹಾಕ್ಕೊಳ್ಳಾಕತ್ತೀ. ಅಷ್ಟು ಕೆಂಪನ ಕಾಯಿ ಕೆಟ್ಟಾವಂದ್ರ ಯಾರು ನಂಬ್ತಾರ?”

ಸರ್ವಮಂಗಳಾ ಆಣೆ ಮಾಡಿದಳು. ಯಂತ್ರದ ಅಂಕಿ ತೋರಿಸಿದಳು. ತೋರಿಸಿದಷ್ಟೂ ಅತ್ತೆಗೆ ಸೊಸೆಯ ಒಳ್ಳೆಯತನವೇ ಎದ್ದು ಕಂಡಿತು. ಖರೇ ಹೇಳಿದರೆ ಸಮಾಧಾನದ ಮಾತಿನ ಹಾಗೆ ಕೇಳಿಸಿದರೆ ಮನುಷ್ಯ ಏನು ಮಾಡಬೇಕು? ಅವಳಿಗೆ ನಿಜಕ್ಕೂ ಅಳು ಬಂತು.

ಚಿದಾನಂದ ಒಂದು ಉಪಾಯ ಹೇಳಿದ. ಅವ್ವ ಇನ್ನೊಂದು ಸಲ ಮಾಡಲಿ, ಅವಳು ಗುಡಿಗೆ ಹೋದಾಗ ಭರಣಿಗೆ ಒಂದು ಹಿಡಿ ಬೆಲ್ಲ ಹಾಕಿಬಿಡು, ಉಕ್ಕುತ್ತದೆ, ಅವ್ವನೂ ಖುಷಿ, ತಂಗಿಯೂ ಖುಷಿ. ಸರ್ವಮಂಗಳಾ ಬೆಲ್ಲದ ಡಬ್ಬಿ ಕೈಗೆತ್ತಿಕೊಂಡದ್ದೂ ಖರೇ. ಆಮೇಲೆ ಇಟ್ಟುಬಿಟ್ಟಳು. ಅತ್ತೆಯ ನಾಲಿಗೆಗೆ ಬೆಲ್ಲ ಗೊತ್ತಾಗದೆ ಇರುತ್ತದೆಯೇ? ಗೊತ್ತಾದರೆ, ತನ್ನ ಕೈಗುಣ ಹೋಯಿತು ಅಂತ ಇವರೂ ಒಪ್ಪಿಕೊಂಡರು ಅನ್ನುವಳು. ಭರಣಿ ತಾನಾಗಿ ಉಕ್ಕಬೇಕು, ಬೇರೆ ದಾರಿಯಿರಲಿಲ್ಲ.

ಊರಿನ ಎಲ್ಲ ಹೊಲಕ್ಕೂ ಗಂಟಿ ಹೊಡೆದಾಗಿತ್ತು, ಹಳ್ಳದಾಚೆಯ ಫಕ್ಕೀರಗೌಡರ ಹೊಲವೊಂದು ಬಿಟ್ಟು. ಅಲ್ಲಿ ಸಸಿ ತಡವಾಗಿ ಹಚ್ಚಿದ್ದರು, ಕಾಯಿ ಎಲ್ಲ ಹಸಿರು. ತಾನಾಗಿ ಹಣ್ಣಾಗಲು ಬಿಟ್ಟರೆ ಕುಬಸ ಮುಗಿದು ಹೆರಿಗೆಯೂ ಆಗುವುದು. ಸರ್ವಮಂಗಳಾ ಲೆಕ್ಕ ಹಾಕಿದಳು. ಕಾಳುಗಳಲ್ಲಿ ಎರಡು ಬಗೆ ಮಾಡಬೇಕು. ಒಂದು ಬಗೆ ಕಾಯಿಯ ಮೈಗೆ ಮಾತ್ರ ಅಂಟುವುದು, ಮಂದ ಬೆಳಕಿಗೆ ಬಾಯಿ ಬಿಡುವುದು. ಅದು ಮೊದಲ ಗಂಟಿ, ಮೆಲ್ಲಗೆ. ಕಾಯಿ ಹಣ್ಣಾಗಲು ಹೊರಡುತ್ತದೆ, ಎಲೆಗೆ ಸುದ್ದಿಯೇ ಇಲ್ಲ, ಅದು ತನ್ನ ಪಾಡಿಗೆ ಸಿಹಿ ಇಳಿಸುತ್ತಿರುತ್ತದೆ. ಹೊಟ್ಟೆ ತುಂಬಿದ ಮೇಲೆ ಎರಡನೆಯ ಗಂಟಿ, ಜೋರು ಬೆಳಕಿಗೆ ಬಾಯಿ ಬಿಡುವ ಇನ್ನೊಂದು ಬಗೆಯ ಕಾಳಿಗೆ, ತೊಟ್ಟು ಸಡಿಲಾಗಲು ಮಾತ್ರ.

ಗೌಡರು ನಿಯಂತ್ರಣ ಕೋಣೆಯಲ್ಲಿ ಕೇಳಿ ಹುಬ್ಬು ಗಂಟಿಕ್ಕಿದರು. ಇಷ್ಟು ಚೆಂದ ಬಣ್ಣ ಬಂದಿರುವಾಗ ಈ ಹೊಸ ತಾಪತ್ರಯ ಯಾಕೆ, ಹಸಿರೆಲೆ ನಿಂತರೆ ಆನಿ ಮುಗ್ಗರಿಸುತ್ತದೆ, ಅಷ್ಟಕ್ಕೂ ಮೆಣಸಿನಕಾಯಿಗೆ ಸಕ್ಕರೆ ಎಂಥದ್ದು ಅಂದರು. ಸರ್ವಮಂಗಳಾ ಅಂಕಿಸಂಖ್ಯೆ ಬದಿಗಿಟ್ಟು, ನಮ್ಮತ್ತೆಯ ರಂಜಕ ಈ ಸಲ ಉಕ್ಕಲಿಲ್ಲರೀ, ಅದಕ್ಕೆ ಅವರು ತಮ್ಮ ಕೈಗುಣ ಹೋಯಿತು ಅಂತ ಕೂತಿದ್ದಾರೆ ಅಂದಳು.

ಗೌಡರು ಚಹಾದ ಲೋಟ ಕೆಳಗಿಟ್ಟರು. ನಕ್ಷೆಯ ಕಡೆ ಮುಖ ತಿರುಗಿಸಿ, ಸಣ್ಣ ದನಿಯಲ್ಲಿ ಹೇಳಿದರು. “ನಮ್ಮನ್ಯಾಗೂ ಉಕ್ಕಿಲ್ಲ ತಂಗಿ. ನಾ ಹೇಣ್ತೀನ್ನ ವಾರಗಟ್ಟಲೆ ಬೈದೀನಿ.”

ಆಮೇಲೆ ವಿಚಾರಿಸಿದರೆ ಒಂದೊಂದೇ ಹೊರಬಿತ್ತು. ಆ ವರ್ಷ ಹೊಸಗುಡ್ಡದಲ್ಲಿ ಒಂದು ಮನೆಯ ಭರಣಿಯೂ ಮಾತಾಡಿರಲಿಲ್ಲ. ಪ್ರತಿಯೊಬ್ಬ ಹೆಂಗಸೂ ತನ್ನ ಕೈಯೇ ಕೆಟ್ಟಿತು ಅಂದುಕೊಂಡು, ನೆರೆಯವರಿಗೆ ಗೊತ್ತಾಗದ ಹಾಗೆ ಹಿತ್ತಲಲ್ಲಿ ಚೆಲ್ಲಿ, ಭರಣಿ ತೊಳೆದು ಬೋರಲು ಹಾಕಿದ್ದಳು. ಬಾವಿಕಟ್ಟೆಯಲ್ಲಿ ಕೂತು ಜಗತ್ತಿನ ಸುದ್ದಿಯೆಲ್ಲ ಆಡುವವರು ಇದೊಂದನ್ನು ಮಾತ್ರ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದರು. ಸರ್ವಮಂಗಳಾ ಈ ಸುದ್ದಿ ತಂದು ಹೇಳಿದಾಗ ಬಸಲಿಂಗವ್ವ, ಊರವರಿಗೂ ಇದೇ ಮಾತು ಹೇಳಿಕೊಟ್ಟು ಬಂದೆಯಾ ಹುಡುಗಿ ಅಂತ ಬೆನ್ನು ತಟ್ಟಿದಳು. ಆದರೆ ಅವತ್ತು ಸಂಜೆ ಸಾರಿನ ಉಪ್ಪಿಗೆ ಸೊಸೆಯನ್ನು ಕರೆಯುವ ಮೊದಲು ಒಂದು ಗಳಿಗೆ ತಡೆದಳು.

ಗೌಡರು ಒಪ್ಪಿದರು, ಹೊಸ ಕಾಳು ಸಿಂಪಡಿಸಿದ ಹಳ್ಳದಾಚೆಯ ಹೊಲಕ್ಕೆ ಮೊದಲ ಗಂಟಿ ಬಿತ್ತು. ನೇರಳೆ ಬೆಳಕು ಎಷ್ಟು ಮಂದವೆಂದರೆ ಹೊಲ ಕಾಯುವ ನಾಯಿಯೂ ತಲೆ ಎತ್ತಲಿಲ್ಲ. ಸರ್ವಮಂಗಳಾ ದಿನಾ ಹೋಗಿ ಒಂದೊಂದು ಕಾಯಿ ತಂದು ಯಂತ್ರಕ್ಕೆ ಕೊಟ್ಟಳು. ಬಣ್ಣ ನಿಧಾನ ಬಂತು. ಸಕ್ಕರೆ ಅದಕ್ಕಿಂತ ನಿಧಾನ, ಆದರೆ ಏರುತ್ತ ಹೋಯಿತು. ಗೌಡರು ಬಂದು ನಕ್ಷೆಯ ಬದಲು ಅವಳ ಮುಖ ನೋಡಿ ಹೋಗತೊಡಗಿದರು. ಕೊನೆಗೊಂದು ದಿನ ಅವಳು ಎರಡನೆಯ ಗಂಟಿಗೆ ಕೈ ಹಾಕಿದಳು.

ಆನಿ ಆ ಹೊಲದಲ್ಲಿ ಅನುಭವಿಸಿದ ಪಾಡು ಹೇಳತೀರದು. ಹಸಿರೆಲೆ ಗಂಟಲಿಗೆ ಸಿಕ್ಕಿ ಮತ್ತೆ ಮತ್ತೆ ನಿಂತಿತು. ಚಿದಾನಂದ ಕೆಳಗಿಳಿದು ಬಾಚುವುದು, ಹತ್ತಿ ಓಡಿಸುವುದು, ಮತ್ತೆ ಇಳಿಯುವುದು. ಲೋಕದ ಗಂಡಂದಿರಿಗೆಲ್ಲ ಹೆಂಡತಿ ಅಡಿಗೆಯಲ್ಲಿ ಉಪದ್ರ ಕೊಟ್ಟರೆ ನನಗೆ ಹೊಲದಲ್ಲೂ ಕೊಡುತ್ತಾಳೆ ಅಂತ ಗೊಣಗಿದ. ಸೂರ್ಯ ಇಳಿಯುವ ಹೊತ್ತಿಗೆ ಕಿವಿ ಮೂಗೆಲ್ಲ ಎಲೆಯ ಚೂರು ತುಂಬಿಕೊಂಡು, ಮೊದಲ ಬುಟ್ಟಿಯನ್ನು ತಾನೇ ಹೆಗಲ ಮೇಲಿಟ್ಟುಕೊಂಡು ಬಂದ. ಎಲೆ ತೂರಿ ತೆಗೆಯುವ ಒಂದು ಬೀಸಣಿಗೆ ಆನಿಗೆ ಕೂರಿಸಬೇಕು, ತನಗೆ ಗೊತ್ತಿದೆ ಹೇಗೆ ಅಂತ ದಾರಿಯಲ್ಲೇ ಯೋಚಿಸಿಕೊಂಡು ಬಂದಿದ್ದ.

ಬಸಲಿಂಗವ್ವ ಒಲ್ಲೆ ಅಂದಳು. ಚೆಂದದ ಕಾಯಿ ಮೂರನೆಯ ಸಲ ಹಾಳು ಮಾಡಲೇ ಅಂದಳು. ಸೊಸೆ ಏನೂ ವಾದಿಸದೆ ಭರಣಿಯನ್ನು ನೆಟ್ಟಗೆ ಮಾಡಿ, ಒರೆಸಿ, ಒರಳ ಪಕ್ಕ ಇಟ್ಟಳು. ಬೋರಲಿದ್ದ ಭರಣಿ ನೆಟ್ಟಗಾದದ್ದನ್ನು ಅತ್ತೆ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ, ಇದೇ ಕಡೆಯ ಸಲ ಅಂತ ಹೇಳಿ ಕೂತಳು. ಉಪ್ಪು ಹಾಕುವಾಗ ಸೊಸೆಯನ್ನು ಕರೆಯಲಿಲ್ಲ, ಹಿಡಿ ಎಂದಿನ ಹಿಡಿಯೇ.

ಮೊದಲ ದಿನ ಸುಮ್ಮನೆ. ಎರಡನೆಯ ದಿನವೂ ಸುಮ್ಮನೆ. ಬಸಲಿಂಗವ್ವ ಅಡಿಗೆಮನೆಯ ಆ ಮೂಲೆಯ ಕಡೆ ನೋಡುವುದನ್ನೇ ಬಿಟ್ಟಳು. ಮೂರನೆಯ ದಿನ ಬೆಳಗ್ಗೆ ಸರ್ವಮಂಗಳಾ ಹಾಲು ಕಾಸುತ್ತಿದ್ದಳು. ಹಿಂದಿನಿಂದ ಗುಳಕ್ ಅಂತು. ಅವಳು ತಿರುಗಲಿಲ್ಲ, ತಿರುಗಲು ಧೈರ್ಯವಾಗಲಿಲ್ಲ. ಮತ್ತೆ ಗುಳುಗುಳು ಅಂತು. ತಿರುಗಿ ನೋಡಿದರೆ ಅತ್ತೆ ಆಗಲೇ ಭರಣಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು, ಕಿವಿಯನ್ನು ಭರಣಿಗೆ ಹಚ್ಚಿ. ಬಾಯಿಯ ಬಿಳಿ ಬಟ್ಟೆ ಪೂರಿಯ ಹಾಗೆ ಉಬ್ಬಿತ್ತು. ಮುದುಕಿಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಅದನ್ನು ಒರೆಸಿಕೊಳ್ಳುವ ನೆನಪೂ ಅವಳಿಗಿರಲಿಲ್ಲ.

ಅವಳು ತಲೆ ಎತ್ತಿದಳು. “ಹಂಗಾದ್ರ ಅವತ್ತ ನೀ ಹೇಳಿದ್ದು ನನ್ನ ಸಮಾಧಾನಕ್ಕಲ್ಲ.”

“ಅಲ್ರಿ ಅತ್ತೀ.”

“ಖರೇನ ಕಾಯಿ ಕೆಟ್ಟಿದ್ವು.”

“ಹೌದ್ರಿ.”

ಬಸಲಿಂಗವ್ವ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. “ಅಂದ್ರ ಕೈ ಕೆಟ್ಟಿದ್ದು ನಂದಲ್ಲ. ನಿಂದು.”

ಸರ್ವಮಂಗಳಾ ತಲೆ ತಗ್ಗಿಸಿದಳು. ಅತ್ತೆಗೆ ನಗು ತಡೆಯಲಾಗಲಿಲ್ಲ. ಎಷ್ಟು ವಾರದಿಂದ ಒಳಗೆ ಕೂತಿದ್ದ ನಗುವೋ ಏನೋ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿತು, ಯಾರೂ ಏಳಲಿಲ್ಲ. ಅಷ್ಟರಲ್ಲಿ ಹೊರಗೆ ಗೌಡರ ಮನೆಯ ಕಡೆಯಿಂದ ಯಾರೋ ಹೆಂಗಸು ಗಂಡನನ್ನು ಗಟ್ಟಿಯಾಗಿ ಹೆಸರು ಹಿಡಿದು ಕರೆಯುತ್ತಿದ್ದದ್ದು ಕೇಳಿಸಿತು. ಅಲ್ಲಿಯ ಭರಣಿಯೂ ಮಾತಾಡಿರಬೇಕು.

ಬಸಲಿಂಗವ್ವ ಮಗಳಿಗೆ ಫೋನ್ ಹಚ್ಚಿ, ಅಂಗಡಿಯದು ತರಬೇಡ, ತಂದಿದ್ದರೆ ಬೇರೆಯವರಿಗೆ ಕೊಟ್ಟುಬಿಡು ಅಂದಳು. ಆಮೇಲೆ ಬಟ್ಟೆ ಬಿಚ್ಚಿ, ನಿಂಬೆರಸ ಹಿಂಡಿ, ಮೆಂತ್ಯದ ಪುಡಿ ಉದುರಿಸಿ, ಕಲಸಲು ಕೈ ಹಾಕಹೋದವಳು ನಿಂತಳು. “ಬಾ ಇಲ್ಲೆ. ಇವತ್ತ ನೀ ಕಲಸು. ಆ ಕೈನೂ ಸುಧಾರಿಸಲಿ.”

ಸರ್ವಮಂಗಳಾ ಮೊಣಕೈತನಕ ತೋಳೇರಿಸಿ ಕಲಸಿದಳು. ಹುಳಿ, ಖಾರ, ಹಸಿ ಕಾಯಿಯ ಘಮ ಮನೆ ತುಂಬ ಎದ್ದಿತು. ಹೊರಗೆ ತೆಗೆದಾಗ ಅಂಗೈ ಕೆಂಪೋ ಕೆಂಪು. ಊರಿನ ಚಾಳಿಯಂತೆ ಅದನ್ನು ತಿರುಗಿಸಿ ಬಿಸಿಲಿಗೆ ಹಿಡಿಯಲು ಹೊರಟವಳು, ಹಿಡಿಯಲಿಲ್ಲ. ಬೆರಳನ್ನು ಬಾಯಿಗಿಟ್ಟುಕೊಂಡಳು.